ಮಾಳದ ಮಾವನೂ ಸ್ಕಾಟ್ಲೆಂಡಿನ ಬೋರ್ಡೂ

ಅಕ್ಕನ ಮಗ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾನೆ. ರಜೆ ಸಿಕ್ಕಿದರೆ ಕಾರು ತೆಗೆದುಕೊಂಡು ಎಲ್ಲಿಗಾದರೂ ಹೊರಟುಬಿಡುತ್ತಾನೆ. ಹೋದಲ್ಲಿಂದ ನನ್ನ ವಾಟ್ಸ್ಯಾಪಿಗೆ ಫೋಟೊ ಬರುತ್ತದೆ. ಹೆಚ್ಚಾಗಿ ತಿಂದದ್ದರ ಫೋಟೊ. 2025ರ ಫೆಬ್ರವರಿಯಲ್ಲಿ ಮಾತ್ರ ಒಂದು ಬೇಲಿಯ ಫೋಟೊ ಬಂತು.

ಸ್ಕಾಟ್ಲೆಂಡಿನ ತೆಂಕು ಬದಿಯಲ್ಲಿ ಗ್ಯಾಲೊವೇ ಅಂತ ಒಂದು ಸೀಮೆ ಉಂಟು. ಅಲ್ಲಿ ವಿಗ್‌ಟೌನ್ ಎಂಬ ಸಣ್ಣ ಪೇಟೆ, ಪೇಟೆ ತುಂಬ ಪುಸ್ತಕದಂಗಡಿ. ಅದನ್ನು ನೋಡಲು ಹೊರಟವನಿಗೆ ದಾರಿಯಲ್ಲಿ ಬೇಲಿಗೆ ಕಟ್ಟಿದ ಬೋರ್ಡ್ ಕಂಡಿದೆ: ಗ್ಯಾಲೊವೇಗೆ ನ್ಯಾಷನಲ್ ಪಾರ್ಕ್ ಬೇಡ. ಬೋರ್ಡಿನ ಹಿಂದೆ ಒಂದು ದನ. ಮುಂದೆ ಕಪ್ಪು, ಹಿಂದೆ ಕಪ್ಪು, ನಡುವೆ ಅಗಲದ ಬಿಳಿ ಪಟ್ಟಿ. ಯಾರೋ ಹೊಟ್ಟೆಗೆ ಬಿಳಿ ಪಂಚೆ ಸುತ್ತಿ ಬಿಟ್ಟ ಹಾಗೆ. "ಚಿಕ್ಕಮ್ಮ, ಇಲ್ಲೂ ನಿಮ್ಮ ಮಾಳದ್ದೇ ಕಥೆ" ಅಂತ ಕೆಳಗೆ ಬರೆದಿದ್ದ.

ಮಾಳ ನನ್ನ ಅಮ್ಮನ ತವರು. ಕಾರ್ಕಳ, ಬಜಗೋಳಿ ದಾಟಿದ ಮೇಲೆ ರಸ್ತೆ ಘಟ್ಟ ಹತ್ತುವ ಮೊದಲು ಸಿಗುವ ಊರು. ಮೇಲೆ ಹೋದರೆ ಎಸ್.ಕೆ. ಬಾರ್ಡರ್. ಅಲ್ಲಿ ದಾರಿ ಕವಲಾಗುತ್ತದೆ, ಒಂದು ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸದ ಕಡೆಗೆ. ಎಸ್.ಕೆ. ಅಂದರೆ ಸೌತ್ ಕೆನರಾ. ಜಿಲ್ಲೆಯ ಹೆಸರು ಬದಲಾಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯೂ ಆಯಿತು. ಬಸ್ಸಿನ ಕಂಡಕ್ಟರ್ ಬಾಯಲ್ಲಿ ಅದು ಈಗಲೂ ಎಸ್.ಕೆ. ಬಾರ್ಡರ್.

ನಾನು ಉಡುಪಿಯ ಒಂದು ಸೊಸೈಟಿಯಲ್ಲಿ ಸಾಲದ ವಿಭಾಗದಲ್ಲಿದ್ದೇನೆ. ದಿನಾ ಬೇರೆಯವರ ಆರ್‌ಟಿಸಿ ನೋಡುವುದೇ ಕೆಲಸ. ಯಾರದ್ದು ಎಷ್ಟು ಸೆಂಟ್ಸ್, ಯಾವುದು ವರ್ಗ, ಅಂದರೆ ಸ್ವಂತ ಪಟ್ಟಾ ಜಾಗ, ಯಾವುದು ಕುಮ್ಕಿ ಅಂತ ನೋಡಿ ನೋಡಿ ಜನರ ಮುಖಕ್ಕಿಂತ ಅವರ ಸರ್ವೆ ನಂಬರ್ ಜಾಸ್ತಿ ನೆನಪಿರುತ್ತದೆ. ಹಾಗಾಗಿ ಮಾವನ ಜಾಗದ ಕಥೆ ನನಗೆ ಮನೆಯ ಕಥೆಯೂ ಹೌದು, ಕಾಗದದ ಕಥೆಯೂ ಹೌದು.

ಆ ಭಾನುವಾರ ಹೋದಾಗ ಮಾವ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಸುಲಿಯುವ ಮೆಷಿನ್ ಬಂದಿದೆ, ಆದರೂ ನಾಲ್ಕು ಹೆಡಿಗೆ ಕೈಯಲ್ಲಿ ಸುಲಿಯದಿದ್ದರೆ ಅವರಿಗೆ ಸಮಾಧಾನ ಇಲ್ಲ. 78 ವಯಸ್ಸು. ಕನ್ನಡಕ ತರಿಸಿಕೊಂಡು ಫೋಟೊ ನೋಡಿದರು. ಬೋರ್ಡ್ ಬಿಟ್ಟು ದನ ನೋಡಿದರು.

"ಇದು ಹೊತ್ತಿಗೆ ಎಷ್ಟು ಹಾಲು ಕೊಡ್ತದಂತೆ?"

"ಹಾಲಿನ ದನ ಅಲ್ಲವಂತೆ ಮಾವ."

"ಮತ್ತೆ ಎಂತಕ್ಕೆ ಸಾಕುವುದು?"

ಅದಕ್ಕೆ ಉತ್ತರ ಹೇಳುವ ಧೈರ್ಯ ನನಗಿರಲಿಲ್ಲ. ಬೋರ್ಡ್ ಓದಿ ಹೇಳಿ ವಿಷಯ ತಿರುಗಿಸಿದೆ. ಅಲ್ಲಿ ಹೊಸದಾಗಿ ನ್ಯಾಷನಲ್ ಪಾರ್ಕ್ ಮಾಡುತ್ತಾರಂತೆ, ಊರಿನವರಲ್ಲಿ ಹಲವರಿಗೆ ಇಷ್ಟ ಇಲ್ಲವಂತೆ ಅಂದೆ.

"ಅಲ್ಲಿ ಕಾಟಿ ಉಂಟಾ?" ಕಾಡುಕೋಣಕ್ಕೆ ನಮ್ಮಲ್ಲಿ ಕಾಟಿ ಅನ್ನುವುದು.

"ಇಲ್ಲ."

"ಸಿಂಗಳೀಕ?"

"ಇಲ್ಲ ಮಾವ."

"ಮತ್ತೆ ಎಂತದ್ದು ಪಾರ್ಕ್ ಮಾರಾಯ್ತಿ?" ಅಂತ ಕತ್ತಿ ಎತ್ತಿಕೊಂಡರು.

ಮಾವನ ಮನೆಯ ಹಿಂದೆ ಹಟ್ಟಿ. ಹಟ್ಟಿಯ ಹಿಂದೆ ತೋಡು. ತೋಡಿನ ಆಚೆ ದಡದಲ್ಲಿ ಮೊಣಕಾಲೆತ್ತರದ ಗಡಿಕಲ್ಲು. ಕಲ್ಲಿನ ಈಚೆ ಮಾವನ ವರ್ಗದ ಜಾಗ. ಆಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸುಮಾರು 600 ಚದರ ಕಿಲೋಮೀಟರಿನ ಉದ್ಯಾನ ಶುರುವಾಗುವುದು ನಮ್ಮ ಹಟ್ಟಿಯ ಹಿಂದೆ, ಸೆಗಣಿ ಗುಂಡಿಯಿಂದ ಮೂವತ್ತು ಹೆಜ್ಜೆ. ಕಲ್ಲಿಗೆ ಬಳಿದ ಸುಣ್ಣ ಒಂದು ಮೂಲೆಯಲ್ಲಿ ಪೂರ್ತಿ ಹೋಗಿದೆ, ಆ ಮೂಲೆ ಎಣ್ಣೆ ಹಚ್ಚಿದ ಹಾಗೆ ನುಣುಪು. ಮಾವನ ದನ ದಿನಾ ಕುತ್ತಿಗೆ ಉಜ್ಜುವ ಜಾಗ ಅದು. ಕಾನೂನು ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯುವ ಹಾಗಿಲ್ಲ. ಅಂದರೆ ಕುತ್ತಿಗೆ ಉಜ್ಜುವ ತನಕ ಅದು ದನ, ಎರಡು ಹೆಜ್ಜೆ ಮುಂದೆ ಹೋದರೆ ಅಪರಾಧಿ.

ಆಚೆಯ ಜಾಗ ಮೊದಲು ಕುಮ್ಕಿ. ಘಟ್ಟದ ಮೇಲಿನವರಿಗೆ ಈ ಶಬ್ದ ಗೊತ್ತಿರಲಿಕ್ಕಿಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಹಳೆಯ ವರ್ಗದ ಜಾಗಕ್ಕೆ ತಾಗಿಕೊಂಡು 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ, ಹುಲ್ಲು ತರುವ ಅನುಕೂಲ ಬ್ರಿಟಿಷರ ಕಾಲದಿಂದ ಉಂಟು. ಜಾಗ ಸರಕಾರದ್ದೇ. ಸೊಪ್ಪು ಮಾತ್ರ ನಮ್ಮದು. ಬೇಸಾಯ ಮಾಡುವವನಿಗೆ ಅಷ್ಟು ಸಾಕಿತ್ತು.

ಮಾಘ ಕಳೆದು ಬಿಸಿಲು ಏರುವ ಹೊತ್ತಿಗೆ ಅತ್ತೆ ಹೆಡಿಗೆ, ಹಿಡಿಸೂಡಿ ಹಿಡಿದುಕೊಂಡು ತರಗೆಲೆಗೆ ಹೋಗುತ್ತಿದ್ದರು. ಸಣ್ಣವಳಿದ್ದಾಗ ನಾನೂ ಹಿಂದೆಯೇ. ಬೆಳಿಗ್ಗೆ ಬೇಗ ಹೋಗಬೇಕು, ಇಬ್ಬನಿಯ ಪಸೆ ಇರುವಾಗ. ಬಿಸಿಲೇರಿದರೆ ಎಲೆ ಕೈಯಲ್ಲೇ ಪುಡಿಯಾಗುತ್ತದೆ. ಗುಡಿಸಿ ರಾಶಿ ಮಾಡುವುದು, ಹೆಡಿಗೆಗೆ ತುಂಬಿಸುವುದು, ಮತ್ತೆ ಕಾಲಿನಲ್ಲಿ ತುಳಿದು ಇನ್ನಷ್ಟು ತುಂಬಿಸುವುದು. ತುಳಿಯುವುದು ನನ್ನ ಕೆಲಸ. ಆ ಎಲೆ ಹಟ್ಟಿಗೆ, ಹಟ್ಟಿಯಿಂದ ಗುಂಡಿಗೆ, ಗುಂಡಿಯಿಂದ ಅಡಿಕೆ ಮರದ ಬುಡಕ್ಕೆ. ಈಗ ಅತ್ತೆ ಹೋಗುವುದಿಲ್ಲ, ಮೊಣಕಾಲು ನೋವು. ಕೆಲಸಕ್ಕೆ ಜನ ಕೇಳಿದರೆ, ಕಲ್ಲಿನ ಆಚೆಯಾದರೆ ಬರುವುದಿಲ್ಲ ಅನ್ನುತ್ತಾರೆ. ಗೊಬ್ಬರದ ಚೀಲ ಬಜಗೋಳಿಯಿಂದ ಆಟೋದಲ್ಲಿ ಬರುತ್ತದೆ.

1972ರ ವನ್ಯಜೀವಿ ಕಾಯ್ದೆಯನ್ನು ನಾನು ಕೂತು ಓದಿದ್ದೇನೆ. ಸಾಲದ ಫೈಲ್ ಓದಿ ಅಭ್ಯಾಸ ಇರುವವರಿಗೆ ಕಷ್ಟ ಇಲ್ಲ. ಮೊದಲು ಸರಕಾರ ಇಲ್ಲಿ ಉದ್ಯಾನ ಮಾಡುವ ಉದ್ದೇಶ ಉಂಟು ಅಂತ ಪ್ರಕಟಿಸಬೇಕು. ಆಮೇಲೆ ಜಿಲ್ಲಾಧಿಕಾರಿ ಊರೂರಿನಲ್ಲಿ, ಆ ಊರಿನ ಭಾಷೆಯಲ್ಲಿ, ಅದನ್ನು ಸಾರಬೇಕು. ಹಕ್ಕು ಇದ್ದವರು ಎರಡು ತಿಂಗಳೊಳಗೆ ಬರೆದು ಕೊಡಬೇಕು. ಅದನ್ನೆಲ್ಲ ಇತ್ಯರ್ಥ ಮಾಡಿದ ಮೇಲೆ ಕೊನೆಯ ಅಧಿಸೂಚನೆ. ಅಭಯಾರಣ್ಯವಾದರೆ ಕೆಲವು ಹಕ್ಕು ಉಳಿಸಿಕೊಳ್ಳಲು ದಾರಿ ಉಂಟು. ರಾಷ್ಟ್ರೀಯ ಉದ್ಯಾನವಾದರೆ ಒಳಗಿನ ಹಕ್ಕೆಲ್ಲ ಸರಕಾರದ್ದಾಗಬೇಕು. ಎರಡು ಹೆಸರಿನ ನಡುವೆ ಇಷ್ಟು ದೊಡ್ಡ ಕಂದಕ ಉಂಟು ಅಂತ ಮಾಳದಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ.

ಕುದುರೆಮುಖಕ್ಕೆ ಮೊದಲ ಅಧಿಸೂಚನೆ ಬಂದದ್ದು 1987ರಲ್ಲಿ, ಕೊನೆಯದ್ದು 2001ರಲ್ಲಿ. ಮಾವನಿಗೆ ಸುದ್ದಿ ಸಿಕ್ಕಿದ್ದು ಬಜಗೋಳಿಯ ಹೋಟೆಲಿನಲ್ಲಿ ಚಾ ಕುಡಿಯುವಾಗ. ಯಾರೋ ಪೇಪರ್ ಓದಿ, "ನಿಮ್ಮ ಕುಮ್ಕಿ ಹುಲಿಗೆ ಹೋಯಿತಲ್ಲ ಭಟ್ರೇ" ಅಂದರಂತೆ. ತಮಾಷೆ ಅಂದುಕೊಂಡು ಮಾವ ಚಾ ಮುಗಿಸಿ ಬಂದರು. ಆ ಎರಡು ತಿಂಗಳು ಯಾವಾಗ ಬಂತು, ಯಾವಾಗ ಹೋಯಿತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಡುವಿನ 14 ವರ್ಷ ಇದೆಯಲ್ಲ, ಅದೇ ಜಾಸ್ತಿ ತೊಂದರೆ ಕೊಟ್ಟದ್ದು. ಅತ್ತ ಉದ್ಯಾನವೂ ಪೂರ್ತಿ ಆಗಲಿಲ್ಲ, ಇತ್ತ ಜಾಗ ಮೊದಲಿನ ಹಾಗೂ ಇಲ್ಲ. ತೋಡಿನಿಂದ ನೀರು ಎತ್ತುವ ಪಂಪಿಗೆ ಕರೆಂಟಿನ ಲೈನ್ ಬೇಕಿತ್ತು. ಕಂಬ ಒಂದೇ ಒಂದು ಕಲ್ಲಿನ ಆಚೆ ಬೀಳುತ್ತಿತ್ತು. ಮಾವ ಒಂದು ಕಚೇರಿಗೆ ಏಳು ಸಲ ಹೋದರು. ಯಾವ ಕಚೇರಿ ಅಂತ ಹೇಳುವುದು ಬೇಡ. ಏಳನೆಯ ಸಲ "ಫೈಲ್ ಮೇಲೆ ಹೋಗಿದೆ" ಅಂದರಂತೆ. "ಮೇಲೆ ಅಂದರೆ ಘಟ್ಟದ ಮೇಲೆಯಾ?" ಅಂತ ಮಾವ ಕೇಳಿ ಬಂದರು. ಕೊನೆಗೆ ಡೀಸೆಲ್ ಪಂಪೇ ಗತಿ ಆಯಿತು.

ಮಾವನಿಗೆ ಸಿಟ್ಟು ಬರುವುದು ಕಾಡಿನ ಮೇಲೂ ಅಲ್ಲ, ಕಾಟಿಯ ಮೇಲೂ ಅಲ್ಲ. ಕಾಟಿ ಬಂದು ಹೊಸ ಅಡಿಕೆ ಗಿಡ ತುಳಿದು ಹೋದರೆ ಬೈಯುತ್ತಾರೆ, ಬೈದು ಮತ್ತೆ ನೆಡುತ್ತಾರೆ. ಸಿಟ್ಟು ಬರುವುದು ಅದಿರಿನ ಮಾತು ಎತ್ತಿದರೆ. ಅದೇ ಗುಡ್ಡದ ಸಾಲಿನ ಆಚೆ ಬದಿಯಲ್ಲಿ ಕುದುರೆಮುಖ ಅದಿರು ಕಂಪೆನಿ ಇತ್ತು. 1976ರಲ್ಲಿ ಹುಟ್ಟಿದ ಸರಕಾರಿ ಕಂಪೆನಿ. ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕದಡಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉದ್ಯಾನ ಅಂತ ಹೇಳಿದ ಮೇಲೂ ಅಗೆತ ನಿಲ್ಲಲಿಲ್ಲ. ಕಾಡು ಉಳಿಸಲು ಹೋರಾಡುತ್ತಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು, 2002ರಲ್ಲಿ ತೀರ್ಪು ಬಂತು, 2005ರ ಕೊನೆಯ ದಿನ ಗಣಿ ನಿಂತಿತು. "ಅವರು ಗುಡ್ಡ ಕರಗಿಸಿ ಕೊಳವೆಯಲ್ಲಿ ಕಳಿಸಬಹುದು. ನಿನ್ನ ಅತ್ತೆ ಎರಡು ಹೆಡಿಗೆ ತರಗೆಲೆ ತಂದರೆ ಕಾಡು ಹಾಳು" ಅನ್ನುತ್ತಾರೆ ಮಾವ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ಊರಿನವರ ಅಭಿಪ್ರಾಯ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಓದುವಾಗ ನನಗೆ ನಗು ಬರುತ್ತದೆ. ಮಾವನ ಒಂದು ಮನೆಯಲ್ಲೇ ಒಂದು ಅಭಿಪ್ರಾಯ ಇಲ್ಲ. ಮಾವನಿಗೆ ಪಾರ್ಕ್ ಬೇಡ, ಜಾಗ ಬಿಡುವುದೂ ಇಲ್ಲ. ಅವರ ಮಗನಿಗೆ ಪಾರ್ಕಿನ ಗಡಿ ಇನ್ನೂ ಮೂವತ್ತು ಹೆಜ್ಜೆ ಈಚೆ ಬರಬೇಕು. ಹಾಗಾದರೆ ಮನೆಯೂ ಒಳಗೆ ಸೇರುತ್ತದೆ, ಒಳಗಿನವರು ತಾವಾಗಿ ಬಿಟ್ಟುಹೋದರೆ ಪರಿಹಾರ ಉಂಟು, ದುಡ್ಡು ಹಿಡಿದುಕೊಂಡು ಕಾರ್ಕಳದಲ್ಲಿ ಮನೆ ಮಾಡಬಹುದು ಅಂತ ಅವನ ಲೆಕ್ಕ. ಹಾಗೆ ಹೋದವರು ಇದ್ದಾರೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲಂತೂ ಇವನ ಮಾತು ಜೋರಾಗಿದೆ. ಅಪ್ಪ, ಮಗ ಊಟಕ್ಕೆ ಕೂತಾಗ ಈ ವಿಷಯ ಎತ್ತಬಾರದು ಅಂತ ಅತ್ತೆಯ ಕಟ್ಟುನಿಟ್ಟು.

ಅತ್ತೆಗೆ ಪಾರ್ಕಿನ ಹೆಸರು ಏನಾದರೂ ಆಗಲಿ, ರಸ್ತೆ ಬೇಕು. ಅವರ ತಂಗಿಯನ್ನು ಎಳನೀರಿಗೆ ಕೊಟ್ಟಿದ್ದಾರೆ. ಆ ಊರು ಬೆಳ್ತಂಗಡಿ ತಾಲೂಕಿನದ್ದು, ಆದರೆ ಕೆಳಗೆ ದಿಡುಪೆಗೆ ಇಳಿಯುವ ದಾರಿ ಉದ್ಯಾನದ ಒಳಗೆ. ಸರಿಯಾದ ರಸ್ತೆ ಮಾಡಿ ಅಂತ ಅವರು ಕೇಳುತ್ತಾ ಬಂದು ಎಷ್ಟು ವರ್ಷವಾಯಿತೋ. ಮಳೆಗಾಲದಲ್ಲಿ ತಮ್ಮದೇ ತಾಲೂಕು ಕಚೇರಿಗೆ ಹೋಗಲು ಸಂಸೆ, ಕುದುರೆಮುಖ ಸುತ್ತಿಕೊಂಡು ಬರಬೇಕು. ಹಾಗೆ ಸುತ್ತಿ ಬರುವಾಗ ಮಾಳದಲ್ಲಿ ಇಳಿದು ಊಟ ಮಾಡಿ ಹೋಗುತ್ತಾರೆ, ಅದೊಂದೇ ಲಾಭ.

ತೋಟದ ಆಚೆ ಮನೆಯ ಅಕ್ಕ ಮಲೆಕುಡಿಯ ಬುಡಕಟ್ಟಿನವರು. ಅವರ ಮಾತು ಎಲ್ಲರಿಗಿಂತ ಬೇರೆ. ಕಾಡು ಉಳಿಯಬೇಕು ಅನ್ನುವುದರಲ್ಲಿ ಅವರಿಗೆ ಎರಡು ಮಾತಿಲ್ಲ. ಜೇನು, ರಾಂಪತ್ರೆ, ಸೀಗೆ ಅಂತ ಅವರ ಅಪ್ಪ, ಅಜ್ಜ ಎಲ್ಲ ಕಾಡಿನಲ್ಲೇ ಬದುಕಿದವರು. "ಪಾರ್ಕ್ ಇರಲಿ ಅಕ್ಕ, ಒಳಗೆ ನಾವೂ ಇರ್ತೇವೆ" ಅನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿದ್ದರೆ ಸಾಕು, ಉಳಿದವರಾದರೆ ಮೂರು ತಲೆಮಾರು, 75 ವರ್ಷ ತೋರಿಸಬೇಕು. ಅವರು ಅರ್ಜಿ ಹಾಕಿದ್ದಾರೆ. ಮಾವನೂ ಹಾಕಬಹುದು ಅಂತ ನಾನು ಹೇಳಿದೆ. 75 ವರ್ಷದ ಕಾಗದ ಹುಡುಕಲು ಅಟ್ಟ ಹತ್ತಿದ ಮಾವನಿಗೆ ಸಿಕ್ಕಿದ್ದು ಗೆದ್ದಲು ತಿಂದ ಒಂದು ಗೇಣಿ ಚೀಟಿ, ಅಜ್ಜನ ಕೊಡೆಯ ಹಿಡಿ.

ಕಾರ್ಕಳ ಕಡೆಯ ಈದು ಎಂಬ ಊರಿನಲ್ಲಿ 2003ರ ನಕ್ಸಲ್ ಎನ್‌ಕೌಂಟರ್ ಆದ ಮೇಲೆ ಕೆಲವು ವರ್ಷ ಈ ವಿಷಯವನ್ನು ಜೋರಾಗಿ ಮಾತಾಡಲಿಕ್ಕೇ ಜನ ಹೆದರುತ್ತಿದ್ದರು. ಒಕ್ಕಲೆಬ್ಬಿಸುವ ಮಾತನ್ನು ನಕ್ಸಲರು ಎತ್ತಿಕೊಂಡಿದ್ದರು. ಹಾಗಾಗಿ ಸುಮ್ನೆ ಪಂಚಾಯತಿನಲ್ಲಿ ಪ್ರಶ್ನೆ ಕೇಳಿದವನ ಮೇಲೂ ಕಣ್ಣು. ಬಸ್ಸಿನಲ್ಲಿ ಚೀಲ ಬಿಡಿಸಿ ನೋಡುತ್ತಿದ್ದರು. ನನ್ನ ಚೀಲದಲ್ಲಿ ಹಲಸಿನ ಹಪ್ಪಳ ಇತ್ತು.

ಇನ್ನು ನನ್ನ ಮಾತು. ಇಲ್ಲಿಯವರೆಗೆ ಓದಿದವರು ನಾನು ಪೂರ್ತಿ ಮಾವನ ಪಕ್ಷ ಅಂದುಕೊಂಡಿರಬಹುದು. ಅಲ್ಲ.

ಉಡುಪಿಯ ನಮ್ಮ ಮನೆಯ ನಲ್ಲಿಗೆ ನೀರು ಬರುವುದು ಹಿರಿಯಡ್ಕದ ಹತ್ತಿರದ ಬಜೆ ಅಣೆಕಟ್ಟಿನಿಂದ. ಬಜೆಗೆ ನೀರು ತರುವುದು ಸ್ವರ್ಣಾ ನದಿ. ಸ್ವರ್ಣೆ ಇಳಿದು ಬರುವುದು ಮಾಳದ ಮೇಲಿನ ಘಟ್ಟದಿಂದ. ಮಾವನ ಹಟ್ಟಿಯ ಹಿಂದಿನ ತೋಡು ಸುತ್ತಿ ಬಳಸಿ ಕೊನೆಗೆ ನನ್ನ ಅಡಿಗೆಮನೆಗೇ ಬರುತ್ತದೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿ ಉಡುಪಿಗೆ ಉಡುಪಿಯೇ ಟ್ಯಾಂಕರ್ ಕಾದಿತ್ತು. ರಾತ್ರಿ ಹನ್ನೊಂದಕ್ಕೆ ಕೊಡಪಾನ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ. ಆಗ ಯಾರಾದರೂ ಬಂದು, ಆ ಕಾಡಿಗೆ ಬೇಲಿ ಹಾಕುವುದಾ ಅಂತ ಕೇಳಿದ್ದರೆ ನಾಳೆಯೇ ಹಾಕಿ ಅನ್ನುತ್ತಿದ್ದೆ. ತುಂಗೆ, ಭದ್ರೆ, ನೇತ್ರಾವತಿ ಎಲ್ಲ ಹುಟ್ಟುವುದೂ ಅದೇ ಗುಡ್ಡಗಳಲ್ಲಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿ ಸಿಂಗಳೀಕಗಳ ಹಿಂದೆ ಅಲೆದು, ಈ ಕಾಡು ಉಳಿಸಿ ಅಂತ ಹೇಳದೇ ಇದ್ದಿದ್ದರೆ, ಗಣಿ ಆ ಸಾಲಿನ ಇನ್ನೆಷ್ಟು ಗುಡ್ಡ ನುಂಗುತ್ತಿತ್ತೋ. ಮಾವನಿಗೆ ಇದನ್ನು ಹೇಳಿದರೆ, "ನೀರು ನಿನಗೆ, ಕಲ್ಲು ನನಗೆ" ಅಂತಾರೆ.

ಅಕ್ಕನ ಮಗನ ಹತ್ತಿರ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿ ಗ್ಯಾಲೊವೇ ವಿಷಯ ಸರಿಯಾಗಿ ಕೇಳಿದೆ. ಸ್ಕಾಟ್ಲೆಂಡಿನಲ್ಲಿ ಈಗ ಇರುವುದು ಎರಡೇ ನ್ಯಾಷನಲ್ ಪಾರ್ಕ್, ಒಂದು 2002ರದ್ದು, ಇನ್ನೊಂದು 2003ರದ್ದು. ಮೂರನೆಯದ್ದು ಗ್ಯಾಲೊವೇಯಲ್ಲಿ ಮಾಡೋಣ ಅಂತ ಸರಕಾರದ ಯೋಚನೆ. ಅದಕ್ಕೆ ನವೆಂಬರಿನಿಂದ ಫೆಬ್ರವರಿವರೆಗೆ ಊರೂರಿನಲ್ಲಿ ಕೇಳಿದರಂತೆ. ಯಾರು ಬೇಕಾದರೂ ಬರೆದು ಕೊಡಬಹುದು.

"ಪಾರ್ಕ್ ಆದರೆ ಒಳಗಿನವರನ್ನು ಎಬ್ಬಿಸ್ತಾರಾ?"

"ಇಲ್ಲ ಚಿಕ್ಕಮ್ಮ. ಕೈರ್ನ್‌ಗಾರ್ಮ್ಸ್ ಪಾರ್ಕಿನ ಒಳಗೆ ಹದಿನೆಂಟು ಸಾವಿರ ಜನ ಇದ್ದಾರೆ. ಪೇಟೆ ಉಂಟು, ಶಾಲೆ ಉಂಟು, ವಿಸ್ಕಿ ಮಾಡುವ ಜಾಗ ಉಂಟು."

"ಕುರಿ, ದನ?"

"ಅದೂ ಮೇಯ್ತದೆ."

ಪಾರ್ಕ್ ನೋಡಿಕೊಳ್ಳುವ ಮಂಡಳಿಗೆ ಐದು ಜನರನ್ನು ಅಲ್ಲಿಯವರೇ ಓಟು ಹಾಕಿ ಆರಿಸುತ್ತಾರಂತೆ. ಹೆಸರು ಒಂದೇ, ನ್ಯಾಷನಲ್ ಪಾರ್ಕ್. ಮಾಳದಲ್ಲಿ ಆ ಹೆಸರಿನೊಳಗೆ ಒಂದು ಹೆಡಿಗೆ ಎಲೆಗೂ ಜಾಗ ಇಲ್ಲ. ಅಲ್ಲಿ ಊರಿಗೆ ಊರೇ ಹಿಡಿಸುತ್ತದೆ. ಮತ್ತೆ ಯಾಕೆ ಬೇಡ ಅಂತಾರೆ ಅಂದರೆ, ರೈತರಿಗೆ ಇನ್ನೊಂದು ಕಚೇರಿಯ ನಿಯಮ ತಲೆಗೆ ಬೀಳುತ್ತದೆ ಅಂತ ಹೆದರಿಕೆ. ಸಪೂರ ರಸ್ತೆಯಲ್ಲಿ ಟೂರಿಸ್ಟರ ಗಾಡಿ ತುಂಬುತ್ತದೆ, ಹೊರಗಿನವರು ರಜೆಗೆ ಅಂತ ಮನೆ ಕೊಂಡು ರೇಟು ಏರಿಸುತ್ತಾರೆ ಅಂತ ಉಳಿದವರಿಗೆ. ಬೇಕು ಅನ್ನುವವರೂ ಇದ್ದಾರೆ. ಮಕ್ಕಳು ಊರು ಬಿಟ್ಟು ಹೋಗುತ್ತಿದ್ದಾರೆ, ನಾಲ್ಕು ಜನ ಬಂದರೆ ಕೆಲಸವಾದರೂ ಹುಟ್ಟುತ್ತದೆ ಅಂತ. ಕೇಳುತ್ತಾ ಕೇಳುತ್ತಾ ಇದು ಮಾವನ ಊಟದ ಮನೆಯ ಜಗಳವೇ, ಭಾಷೆ ಮಾತ್ರ ಬೇರೆ ಅನ್ನಿಸಿತು.

ಮೇ ಕೊನೆಗೆ ಅವನದೇ ಮೆಸೇಜ್: ಪಾರ್ಕ್ ಕೈಬಿಟ್ಟರು. ಬರೆದು ಕೊಟ್ಟವರಲ್ಲಿ 54 ಶೇಕಡಾ ಬೇಡ ಅಂದಿದ್ದರಂತೆ, 42 ಶೇಕಡಾ ಬೇಕು ಅಂದಿದ್ದರಂತೆ.

ಆ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದಿತ್ತು. ನಾನು ಮಾಳಕ್ಕೆ ಹೋದಾಗ ತೋಡು ತುಂಬಿ ಗಡಿಕಲ್ಲಿನ ಬುಡದವರೆಗೆ ನೀರು. ಮಾವ ಅಡಿಕೆಗೆ ಮದ್ದು ಬಿಡಲು ಒಂದು ದಿನದ ಬಿಸಿಲು ಸಿಕ್ಕಿದರೆ ಸಾಕಿತ್ತು ಅಂತ ಆಕಾಶ ನೋಡುತ್ತಾ ಕೂತಿದ್ದರು. ಸುದ್ದಿ ಹೇಳಿದೆ.

"ಅಷ್ಟಕ್ಕೇ ಬಿಟ್ಟರಾ?"

"ಬಿಟ್ಟರು."

"ಬೇಡ ಅಂತ ಬರೆದು ಕೊಟ್ಟದ್ದಕ್ಕೆ?"

"ಹೌದು ಮಾವ."

ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಕವಳ ಹಾಕಿಕೊಂಡರು. ನಾನು ಎಷ್ಟೋ ವರ್ಷದಿಂದ ಕೇಳಬೇಕು ಅಂದುಕೊಂಡದ್ದನ್ನು ಆಗ ಕೇಳಿಬಿಟ್ಟೆ. "1987ರಲ್ಲಿ ನಿಮ್ಮ ಹತ್ತಿರ ಹಾಗೆ ಬಂದು ಕೇಳಿದ್ದರೆ ಎಂತ ಹೇಳ್ತಿದ್ದಿರಿ?"

"ಬೇಡ ಅಂತಿದ್ದೆ." ಅಂಗಳಕ್ಕೆ ಉಗಿದು ಬಂದು ಕೂತರು. "ಬೇಡ ಅಂದಿದ್ದರೆ ಆ ಕಂಪೆನಿ ಈ ಬದಿಗೂ ಇಳಿಯುತ್ತಿತ್ತೋ ಏನೋ. ಈ ತೋಡಿನಲ್ಲಿ ಕೆಂಪು ನೀರು ಬರ್ತಿತ್ತು." ಮತ್ತೆ ಸ್ವಲ್ಪ ಹೊತ್ತು ಮಳೆ ನೋಡಿದರು. "ಆದರೂ ಬೇಡ ಅಂತಿದ್ದೆ. ಕೇಳುವುದು ನನ್ನನ್ನಲ್ವಾ?"

ಅಷ್ಟರಲ್ಲಿ ಹಟ್ಟಿಯ ಹಿಂದಿನಿಂದ ದನ ಕೂಗಿತು. ನೀರು ಏರುವ ಮೊದಲು ಆಚೆ ದಾಟಿದ್ದು, ಈಗ ಕಲ್ಲಿನ ಪಕ್ಕ ನಿಂತು ಈಚೆ ಬರಲಾಗದೆ ಕೂಗುತ್ತಿತ್ತು. ಮಾವ ಪ್ಲಾಸ್ಟಿಕ್ ಹೊದ್ದುಕೊಂಡು ಇಳಿದರು. ಹೋಗುತ್ತಾ ತಿರುಗಿ, "ಆ ಬಿಳಿ ಪಟ್ಟಿಯ ದನದ್ದು ಒಂದು ಪ್ರಿಂಟ್ ತೆಗೆಸಿ ತಾ. ಬೋರ್ಡ್ ಬೇಡ, ದನ ಮಾತ್ರ" ಅಂದರು.

ಉಡುಪಿಯ ಸ್ಟುಡಿಯೋದವನಿಗೆ ಫೋಟೊ ಕೊಟ್ಟೆ. ಬೋರ್ಡ್ ತೆಗೆದರೆ ದನದ ಮುಂಗಾಲು ಎರಡೂ ಹೋಗ್ತದೆ ಮೇಡಂ ಅಂದ. ಹಾಗಾದರೆ ಇದ್ದ ಹಾಗೇ ಇರಲಿ ಅಂದೆ. ಈಗ ಮಾಳದ ಜಗಲಿಯಲ್ಲಿ ಕ್ಯಾಲೆಂಡರಿನ ಪಕ್ಕ ಎರಡೂ ಉಂಟು.